ಧರೆಯ ಮೇಲಿನ ಹಸಿರು: ಮಲೆನಾಡಿನ ಲಿವರ್‌ವರ್ಟ್‌ಗಳನ್ನು ದಾಖಲಿಸುವುದು ಹೇಗೆ?

ಆಗಸ್ಟ್ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಯಾವ ಮನೆಯ ಹಿತ್ತಲಿಗೆ ಹೋದರೂ ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಪೂರ್ತಿ ಹಸಿರಾಗಿರುತ್ತದೆ. ದೂರದಿಂದ ಒಂದೇ ಹಸಿರು. ಮೂಗು ತಾಗುವಷ್ಟು ಹತ್ತಿರ ಹೋದರೆ ಒಂದರಲ್ಲಿ ಐದಾರು ಕಾಣುತ್ತವೆ. ಮಣ್ಣಿಗೆ ಅಂಟಿದ ಪಟ್ಟಿ, ಪಟ್ಟಿಯ ಮೇಲೆ ಪುಟ್ಟ ಬಟ್ಟಲು, ಪಕ್ಕದಲ್ಲಿ ಜಡೆ ಹೆಣೆದಂಥ ಎಳೆ, ಅದರಾಚೆ ನೆಟ್ಟಗೆ ನಿಂತ ಹಸಿರು ಸೂಜಿಗಳು. ನಾವು ಎಲ್ಲಕ್ಕೂ ಹಾವಸೆ ಅಂದುಬಿಡುತ್ತೇವೆ. ಜಾರಿ ಬಿದ್ದ ದಿನ ಇನ್ನೆರಡು ಮಾತು ಸೇರಿಸುತ್ತೇವೆ.

ನಾನು ಅಡಿಕೆ ಮರಕ್ಕೆ ಮುಖ ಒತ್ತಿಕೊಂಡು ಲೆನ್ಸ್ ಹಿಡಿದು ನಿಂತಿದ್ದಾಗ ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುವ ಕೊನೆಗೌಡರು ಕೇಳಿದ್ದರು: "ಹಾವಸೆಗೂ ಬೇರೆ ಬೇರೆ ಹೆಸರುಂಟಾ ಮಾರಾಯ್ರೆ?" ಉಂಟು. ಲಿವರ್‌ವರ್ಟ್ ಎಂಬ ಒಂದು ಗುಂಪಿನಲ್ಲೇ ಜಗತ್ತಿನಾದ್ಯಂತ 7,000ಕ್ಕೂ ಹೆಚ್ಚು ಜಾತಿಗಳಿವೆ. ಕೆಲವದರ ಆಕಾರ ಪಿತ್ತಜನಕಾಂಗದ, ಅಂದರೆ ಲಿವರ್‌ನ ಹಾಗೆ ಕಂಡಿದ್ದರಿಂದ ಯುರೋಪಿನ ಹಳೇ ಕಾಲದ ವೈದ್ಯರು ಆ ಹೆಸರಿಟ್ಟರು. ನಮ್ಮಲ್ಲಿ ಆಡುಮಾತಿನ ಹೆಸರಿಲ್ಲ. ಹಾಗಾಗಿ ಇಲ್ಲಿ ಲಿವರ್‌ವರ್ಟ್ ಎಂದೇ ಬರೆಯುತ್ತೇನೆ.

ಮೊದಲೇ ಒಂದು ಮಾತು. ಹೆಸರು ಆಮೇಲೆ, ಜಾಗ ಮೊದಲು. ಜಾತಿ ಗುರುತಿಸುವುದು ತಜ್ಞರಿಗೂ ಕಷ್ಟ, ಅದಕ್ಕೆ ವರ್ಷ ಹಿಡಿದರೂ ತಪ್ಪಿಲ್ಲ. ಆದರೆ ಆ ಗಿಡ ಯಾವ ಮರದ ಯಾವ ಬದಿಯಲ್ಲಿ, ಎಷ್ಟು ಎತ್ತರದಲ್ಲಿ, ಯಾವ ತಿಂಗಳಲ್ಲಿ ಇತ್ತು ಎಂಬುದನ್ನು ನೀವು ಅಲ್ಲೇ ಬರೆಯದಿದ್ದರೆ ಮತ್ತೆ ಯಾರೂ ಬರೆಯಲಾರರು.

1. ಯಾವುದು ಲಿವರ್‌ವರ್ಟ್, ಯಾವುದು ಅಲ್ಲ

ಲಿವರ್‌ವರ್ಟ್‌ಗಳಲ್ಲಿ ಎರಡು ರೂಪ. ಒಂದು, ಕಾಂಡ ಎಲೆ ಎಂಬ ಭೇದವಿಲ್ಲದೆ ಚಪ್ಪಟೆಯಾಗಿ ಹರಡುವ ಪಟ್ಟಿ. ಪಿಯುಸಿಯಲ್ಲಿ ಮಾರ್ಕಾಂಶಿಯಾ, ರಿಕ್ಸಿಯಾ ಚಿತ್ರ ಬರೆದು ಅಂಕ ತೆಗೆದವರಿಗೆ ಇದು ಗೊತ್ತು. ಇನ್ನೊಂದು, ಎಲೆ ಇರುವ ರೂಪ. ಜಾತಿಗಳ ಲೆಕ್ಕದಲ್ಲಿ ಇವೇ ಬಹುಪಾಲು, ಪಠ್ಯಪುಸ್ತಕದಲ್ಲಿ ಮಾತ್ರ ಇವಕ್ಕೆ ಜಾಗ ಕಡಿಮೆ. ಮಲೆನಾಡಿನ ಮರದ ತೊಗಟೆಯಲ್ಲಿ ನಿಮಗೆ ಸಿಗುವುದೆಲ್ಲ ಹೆಚ್ಚುಕಡಿಮೆ ಇವೇ. ಹೊಸಬರು ಇವನ್ನು ಪಾಚಿ ಎಂದುಕೊಂಡು ಮುಂದೆ ಹೋಗುತ್ತಾರೆ.

ಪಾಚಿ, ಅಂದರೆ ಮಾಸ್, ಬೇರೆ ಗುಂಪು. ಲೆನ್ಸ್‌ನಲ್ಲಿ ನೋಡಿದರೆ ಮಾಸ್‌ನ ಎಲೆಗಳು ಸಾಮಾನ್ಯವಾಗಿ ಕಾಂಡದ ಸುತ್ತ ಸುರುಳಿಯಾಗಿ ಬಂದಿರುತ್ತವೆ, ತುದಿ ಚೂಪು, ನಡುವೆ ನರ ಇರುವುದೇ ಜಾಸ್ತಿ. ಲಿವರ್‌ವರ್ಟ್‌ನ ಎಲೆಗಳು ಎಡಕ್ಕೊಂದು ಬಲಕ್ಕೊಂದು ಸಾಲಾಗಿ, ಚಪ್ಪಟೆಯಾಗಿ ಕೂತಿರುತ್ತವೆ. ನಡುನರ ಇಲ್ಲ. ಎಲೆ ಎರಡು ಮೂರು ಹೋಳಾಗಿರಬಹುದು, ಮಡಚಿಕೊಂಡಿರಬಹುದು. ಅಡಿ ತಿರುಗಿಸಿದರೆ ಹಲವದರಲ್ಲಿ ಮೂರನೇ ಸಾಲಿನ ಪುಟ್ಟ ಅಡಿಎಲೆಗಳು ಕಾಣುತ್ತವೆ. ಬೀಜಕಕೋಶ, ಅಂದರೆ ದಂಟಿನ ತುದಿಯ ಬೀಜಕಗಳ ಚೀಲ, ಸಿಕ್ಕರಂತೂ ಅನುಮಾನವೇ ಇಲ್ಲ. ಮಾಸ್‌ನದು ಗಟ್ಟಿ ಕಡ್ಡಿ, ವಾರಗಟ್ಟಲೆ ನಿಲ್ಲುತ್ತದೆ. ಲಿವರ್‌ವರ್ಟ್‌ನದು ನೀರಿನ ಬಣ್ಣದ ಮೆತ್ತನೆ ದಂಟು, ತುದಿಯ ಕಪ್ಪು ಗುಂಡು ಸಾಮಾನ್ಯವಾಗಿ ನಾಲ್ಕು ಹೋಳಾಗಿ ಬಿರಿಯುತ್ತದೆ, ಆಮೇಲೆ ದಂಟು ಬೇಗ ಮುದುಡಿ ಬೀಳುತ್ತದೆ.

ಇನ್ನೆರಡು ಮೋಸಗಳಿವೆ. ಧರೆಯಲ್ಲಿ ಹೃದಯದ ಆಕಾರದ, ಬೆರಳುಗುರಿಗಿಂತ ಚಿಕ್ಕ ತೆಳು ಹಾಳೆ ಸಿಕ್ಕರೆ ಅದು ಜರಿಗಿಡದ ಮರಿ ಇರಬಹುದು. ಪಟ್ಟಿಯ ಮೇಲೆ ಹಸಿರು ಕೊಂಬುಗಳು ನೆಟ್ಟಗೆ ಎದ್ದಿದ್ದರೆ ಅದು ಹಾರ್ನ್‌ವರ್ಟ್. ನಾನು ಮೇಲೆ ಹೇಳಿದ ಸೂಜಿಗಳು ಅವೇ. ಅದು ಬೇರೆ ಗುಂಪು, ಆದರೆ ಬಿಡಬೇಡಿ. ಅದೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಇಬ್ಬರೂ ಒಂದೇ ಧರೆಯ ನೆಂಟರು.

2. ಜಾಗ ಚಿಕ್ಕದಾಗಿರಲಿ

ಕೊಡಚಾದ್ರಿಯ 1,343 ಮೀಟರ್ ಎತ್ತರದ ತುದಿ, ಆಗುಂಬೆಯ ಕಾಡು, ಜೋಗದ ಕಮರಿ ಎಲ್ಲವನ್ನೂ ಒಂದೇ ವರ್ಷ ಮುಗಿಸುತ್ತೇನೆ ಎಂದು ಹೊರಟರೆ ಯಾವುದೂ ಮುಗಿಯುವುದಿಲ್ಲ. ನನ್ನ ಸಲಹೆ ಕೇಳಿದರೆ ಮೊದಲ ವರ್ಷ ನಿಮ್ಮ ಮನೆಯಿಂದ ನಡೆದು ಹೋಗಬಹುದಾದ ಒಂದು ಕಿಲೋಮೀಟರ್ ಸಾಕು. ಒಂದು ತೋಟ, ಒಂದು ಹಳ್ಳ, ಒಂದು ಸೊಪ್ಪಿನ ಬೆಟ್ಟ, ಊರ ಹಿಂದಿನ ಕಾನು. ಇಷ್ಟರಲ್ಲೇ ಕೈತುಂಬ ಕೆಲಸ.

ದೊಡ್ಡದಾಗಿ ಮಾಡುವ ಮನಸ್ಸಿದ್ದವರು ಶಿವಮೊಗ್ಗದಿಂದ ಆಗುಂಬೆಗೆ ಹೋಗುವ ಸುಮಾರು 90 ಕಿಲೋಮೀಟರ್ ದಾರಿಯನ್ನು ನೆನೆಸಿಕೊಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಈ ದಾರಿಯುದ್ದಕ್ಕೂ 15 ಕಿಲೋಮೀಟರಿಗೊಂದು ಜಾಗ ಆರಿಸಿಕೊಂಡರೆ ಮಳೆ ಏರಿದ ಹಾಗೆ ಯಾವ ಜಾತಿ ಶುರುವಾಗುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡಬಹುದು. ಎತ್ತರದ ಪ್ರಶ್ನೆ ಬೇಕಿದ್ದವರಿಗೆ ಬೆಟ್ಟದ ಬುಡದಿಂದ ತುದಿಯವರೆಗೆ 100 ಮೀಟರ್ ಏರಿಗೊಂದು ಜಾಗ ಸರಿ.

3. ಅನುಮತಿ

ನಿಮ್ಮ ಸ್ವಂತ ತೋಟಕ್ಕೆ ಯಾರನ್ನೂ ಕೇಳಬೇಕಿಲ್ಲ. ಬೇರೆಯವರ ತೋಟಕ್ಕೆ ಮನೆಯವರನ್ನು ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಟ್ಟುನಿಟ್ಟು. ಶೆಟ್ಟಿಹಳ್ಳಿ, ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆ ಯಾವುದೇ ಇರಲಿ, ಲಿಖಿತ ಅನುಮತಿ ಇಲ್ಲದೆ ಒಂದು ಎಸಳೂ ಕೀಳಬಾರದು. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. "ಪಾಚಿ ಅಲ್ವಾ, ಇದಕ್ಕೂ ಪರ್ಮಿಷನ್ನಾ?" ಎಂದು ಯಾರಾದರೂ ನಕ್ಕರೆ ನಗಲಿ. ಪತ್ರ ಕೈಗೆ ಬರಲು ತಿಂಗಳುಗಳೇ ಬೇಕಾಗಬಹುದು, ಮಳೆಗಾಲಕ್ಕೆ ಬೇಕಿದ್ದರೆ ಬೇಸಿಗೆಯಲ್ಲೇ ಅರ್ಜಿ ಹಾಕಿ. ದೇವರ ಕಾಡಾದರೆ ಊರಿನ ಹಿರಿಯರ ಮಾತೇ ಅನುಮತಿ. ಚಪ್ಪಲಿ ಬಿಟ್ಟು ಹೋಗಿ ಅಂದರೆ ಬಿಟ್ಟು ಹೋಗಿ.

4. ಯಾವಾಗ ಹೋಗಬೇಕು

ಆರಿದ್ರಾ, ಪುನರ್ವಸು ಮಳೆಯಲ್ಲಿ ಉತ್ಸಾಹ ತಡೆಯಲಾರದೆ ಹೊರಟರೆ ನೋಟ್‌ಬುಕ್ ಮುದ್ದೆಯಾಗುತ್ತದೆ, ಲೆನ್ಸ್‌ಗೆ ಮಂಜು ಕಟ್ಟುತ್ತದೆ, ಹಳ್ಳ ದಾಟಲು ಆಗುವುದಿಲ್ಲ. ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ಬರುವ ಸಯಾಥೋಡಿಯಂನಂಥ ಮಳೆಗಾಲದ ಅತಿಥಿಗಳಿಗಾಗಿ ಮಾತ್ರ ಜುಲೈ, ಆಗಸ್ಟ್‌ನಲ್ಲಿ ಒಂದೆರಡು ಸುತ್ತು ಹಾಕಿ. ಹಳೇ ಬಾವಿಯ ಒಳಗೋಡೆ, ಕೋಟೆಯ ಅಗಳು, ಕಲ್ಲು ಕ್ವಾರಿಯ ಕತ್ತಲ ಮೂಲೆಗಳಲ್ಲಿ ಹಳದಿ ಹಸಿರಾಗಿ ಹೊಳೆಯುತ್ತಿದ್ದರೆ ಅದೇ. ಆ ಬೆಳಕು ಅದರ ಸ್ವಂತದ್ದಲ್ಲ. ಹೊರಗಿನ ಚೂರು ಬೆಳಕನ್ನೇ ತಿರುಗಿಸಿ ಕೊಡುತ್ತದೆ. ನೀವು ಅಡ್ಡ ನಿಂತರೆ ಹೊಳಪು ಹೋಗುತ್ತದೆ.

ಮುಖ್ಯ ಕೆಲಸ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಉತ್ತರೆ, ಹಸ್ತ ಮಳೆ ಮುಗಿಯುವ ಹೊತ್ತಿಗೆ ಗಿಡಗಳು ತುಂಬಿ ಬೆಳೆದಿರುತ್ತವೆ, ಬೀಜಕಕೋಶ ಸಿಗುವ ಸಾಧ್ಯತೆಯೂ ಜಾಸ್ತಿ. ಭತ್ತದ ಕೊಯ್ಲಾದ ಗದ್ದೆ ಇನ್ನೂ ಹಸಿ ಇರುವಾಗ ಕೂಳೆಯ ನಡುವೆ ರಿಕ್ಸಿಯಾ ಸುತ್ತುಸುತ್ತಾಗಿ ಹರಡಿರುತ್ತದೆ. ಅದನ್ನು ನೋಡಲು ಗದ್ದೆ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂರಬೇಕು. ಏಪ್ರಿಲ್‌ನಲ್ಲೂ ಒಮ್ಮೆ ಅದೇ ಜಾಗಕ್ಕೆ ಹೋಗಿ. ಮರದ ಮೇಲೆ ಕರಿಕಲಾಗಿ ಒಣಗಿ ಅಂಟಿಕೊಂಡದ್ದರ ಮೇಲೆ ಎರಡು ಹನಿ ನೀರು ಬಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಎಲೆ ಬಿಡಿಸಿಕೊಳ್ಳುತ್ತದೆ. ಬೇಸಿಗೆ ತಡೆಯುವ ಜಾತಿ ಯಾವುದು, ಮಳೆಗಷ್ಟೇ ಬರುವುದು ಯಾವುದು ಎಂದು ಆಗ ಗೊತ್ತಾಗುತ್ತದೆ.

5. ಚೀಲದಲ್ಲಿ ಇರಬೇಕಾದ್ದು

10 ಪಟ್ಟಿನ ಹ್ಯಾಂಡ್ ಲೆನ್ಸ್ ಒಂದು, ಕೊರಳಿಗೆ ದಾರ ಕಟ್ಟಿ. ಸಾಧ್ಯವಿದ್ದರೆ 20 ಪಟ್ಟಿನದೂ ಇರಲಿ. ಚಿಕ್ಕ ಚೂರಿ, ಚಿಮುಟ, ನೀರು ಸಿಂಪಡಿಸುವ ಪುಟ್ಟ ಬಾಟಲಿ, ಅಳತೆಪಟ್ಟಿ, ಹಳೇ ಪತ್ರಿಕೆಯಿಂದ ಮೊದಲೇ ಮಡಚಿಟ್ಟ ಪೊಟ್ಟಣಗಳು. ತಂತಿ ಬಗ್ಗಿಸಿ ಮಾಡಿದ 20 ಸೆಂಟಿಮೀಟರ್ ಚೌಕ ಒಂದು, ಎಷ್ಟು ಜಾಗ ಹರಡಿದೆ ಎಂದು ಅಂದಾಜು ಮಾಡಲು. ಉಂಬಳದ ಕಾಲುಚೀಲ. ಹೊಗೆಸೊಪ್ಪಿನ ನೀರು, ಸುಣ್ಣ ಹಚ್ಚಿಕೊಳ್ಳುವವರು ಹಚ್ಚಿಕೊಳ್ಳಿ, ಆದರೆ ಅದೇ ಕೈಯಲ್ಲಿ ಮಾದರಿ ಮುಟ್ಟಬೇಡಿ.

ಬರೆಯಲು ಪೆನ್ಸಿಲ್. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ ಅನ್ನಬಹುದು. ಮೊದಲ ವರ್ಷ ಜೆಲ್ ಪೆನ್ನಿನಲ್ಲಿ ನಂಬರ್ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ 40 ಪೊಟ್ಟಣ ತುಂಬಿ, ಹುಲಿಕಲ್ ಕಡೆಯಿಂದ ಬಸ್ಸಿನಲ್ಲಿ ಮನೆಗೆ ಬಂದೆ. ಎರಡು ದಿನ ಬೇರೆ ಕೆಲಸ. ಕವರ್ ಬಿಚ್ಚಿದಾಗ ಒಳಗೆಲ್ಲ ಬೂಸಲು, ನಂಬರ್‌ಗಳು ನೀಲಿ ಕಲೆ. ಗಿಡಗಳು ಕೆಲವು ಉಳಿದಿದ್ದವು. ಆದರೆ ಯಾವುದು ಹಳ್ಳದ್ದು, ಯಾವುದು ಮರದ್ದು? ಇಡೀ ಕವರನ್ನು ತೆಂಗಿನ ಬುಡಕ್ಕೆ ಸುರಿದೆ.

6. ಕಾಡಿನಲ್ಲಿ ಹುಡುಕುವ ಕ್ರಮ

ಸುಮ್ನೆ ಅಡ್ಡಾಡಿದರೆ ಕಣ್ಣಿಗೆ ಕುಕ್ಕುವುದಷ್ಟೇ ಸಿಗುತ್ತದೆ. ಆರಿಸಿದ ಜಾಗದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಗುರುತು ಮಾಡಿ. ನಾಲ್ಕು ಮೂಲೆಗೆ ಬಟ್ಟೆ ಕಟ್ಟಿ. ಆಮೇಲೆ ಆ ಚೌಕದೊಳಗೆ ಎಷ್ಟು ಬಗೆಯ ಮನೆಗಳಿವೆ ಎಂದು ಪಟ್ಟಿ ಮಾಡಿ. ಲಿವರ್‌ವರ್ಟ್‌ಗೆ ಕಾಡು ಅಂದರೆ ಮರಗಳ ಗುಂಪಲ್ಲ. ನೆರಳಿನ ಧರೆ, ನೀರು ಜಿನುಗುವ ಬಂಡೆ, ಕೊಳೆಯುತ್ತಿರುವ ಮರದ ದಿಮ್ಮಿ, ಮರದ ಬುಡ, ಎದೆಮಟ್ಟದ ತೊಗಟೆ, ಬಳ್ಳಿಯ ಸೊಂಟ, ಜೀವಂತ ಎಲೆಯ ಮೇಲ್ಮೈ, ಹಳ್ಳದ ಕಲ್ಲು. ಜೋಗದ ಆಚೆ ಸಿದ್ದಾಪುರದ ಕತ್ತಲೆಕಾನಿನ ಥರದ ರಾಮಪತ್ರೆ ಜಡ್ಡಿಗೆ, ಅಂದರೆ ಜೌಗು ಕಾಡಿಗೆ, ಹೋದರೆ ನೀರಿನಿಂದ ಎದ್ದ ಮಂಡಿಬೇರುಗಳೂ ಒಂದು ಮನೆ. ಒಂದೊಂದು ಮನೆಗೂ ಸಮಾನ ಹೊತ್ತು ಕೊಡಿ, 15 ನಿಮಿಷ ಅಂತಿಟ್ಟುಕೊಳ್ಳಿ. ಗಡಿಯಾರ ನೋಡಿಯೇ ಮಾಡಿ. ಇಲ್ಲದಿದ್ದರೆ ಚಂದದ ಹಳ್ಳದ ಬಳಿ ಒಂದು ಗಂಟೆ ಕೂತು ದಿಮ್ಮಿಯ ಅಡಿಯನ್ನು ನೋಡುವುದೇ ಇಲ್ಲ.

ಧರೆಯಲ್ಲಿ ಮಾರ್ಕಾಂಶಿಯಾ ಸಿಗಬಹುದು. ಮೇಲ್ಮೈಯಲ್ಲಿ ಬರಿಗಣ್ಣಿಗೇ ಕಾಣುವ ಚುಕ್ಕಿಗಳು ಗಾಳಿರಂಧ್ರ, ದುಂಡು ಬಟ್ಟಲುಗಳಲ್ಲಿ ಮರಿಗಳು, ಋತು ಬಂದಾಗ ಪುಟ್ಟ ಕೊಡೆ. ಹಳ್ಳದ ಬದಿಯ ಕತ್ತಲಲ್ಲಿ ಅಂಗೈ ಅಗಲ ಹರಡಿದ ಕಡುಹಸಿರು ಪಟ್ಟಿ, ಮೇಲೆ ಚುಕ್ಕಿಗಳೇ ಇಲ್ಲ, ಕೊಡೆಯ ಮೇಲೆ ಬಿರುಸು ಕೂದಲು, ಆಗ ಡ್ಯುಮೋರ್ಟಿಯೆರಾ ಎಂದು ಅನುಮಾನಿಸಿ. ಒದ್ದೆ ಕೊಳೆ ದಿಮ್ಮಿಯಲ್ಲಿ ಎಣ್ಣೆ ಸವರಿದ ಹಾಗೆ ಮಿಂಚುವ ಕವಲು ಕವಲು ಪಟ್ಟಿ ರಿಕಾರ್ಡಿಯಾ ಬಳಗದ್ದಿರಬಹುದು. ರೆಂಬೆಯ ಮೇಲೆ ನಡುನರ ಎದ್ದು ಕಾಣುವ, ರಿಬ್ಬನ್‌ನಂಥ ತೆಳು ಪಟ್ಟಿ ಮೆಟ್ಸ್‌ಗೇರಿಯಾ.

ಎಲೆಯ ಮೇಲೆ ಬೆಳೆಯುವ ಜಾತಿಗಳನ್ನು ಹುಡುಕುವಾಗ ಚಿಗುರು ನೋಡಬೇಡಿ. ಹಳ್ಳದ ಹತ್ತಿರ, ನೆರಳಿನಲ್ಲಿ, ಎರಡು ಮೂರು ವರ್ಷ ಉದುರದೆ ನಿಂತ ಹಳೇ ಎಲೆ ನೋಡಿ. ಮೇಲ್ಮೈಯಲ್ಲಿ ಹಸಿರು ಕಸೂತಿ ಹಾಕಿದ ಹಾಗಿರುತ್ತದೆ. ಕೋಲೋಲೆಜುನಿಯಾ, ಲೆಪ್ಟೋಲೆಜುನಿಯಾ ಇಲ್ಲಿಯ ಸಾಮಾನ್ಯ ನಿವಾಸಿಗಳು. ಒಂದು ಎಲೆಯ ಮೇಲೆ ನಾಲ್ಕೈದು ಜಾತಿ ಒಟ್ಟಿಗೆ ಇರಬಹುದು. ಕೆರೆದು ತೆಗೆಯಲು ಹೋಗಬೇಡಿ, ಎಲೆಯನ್ನೇ ತನ್ನಿ. ಆತಿಥೇಯ ಮರ ಯಾವುದೆಂದು ಬರೆಯಲು ಮರೆಯಬೇಡಿ.

ಮರದ ತುದಿಯ ಸಂಗತಿ ಬೇರೆ. ಅಲ್ಲಿ ಬಿಸಿಲು, ಗಾಳಿ ತಡೆಯುವ ಫ್ರುಲಾನಿಯಾದಂಥವು ಇರುತ್ತವೆ, ಬುಡದಲ್ಲಿ ಅವು ಸಿಗುವುದು ಕಡಿಮೆ. ಹತ್ತಲು ಹೋಗಬೇಡಿ. ಗಾಳಿಮಳೆಯ ಮರುದಿನ ಕೆಳಗೆ ಬಿದ್ದ ಹಸಿ ಕೊಂಬೆಗಳನ್ನು ನೋಡಿ, "ಬಿದ್ದ ಕೊಂಬೆ" ಎಂದು ಸ್ಪಷ್ಟವಾಗಿ ಬರೆಯಿರಿ. ಅಡಿಕೆ ತೋಟದಲ್ಲಾದರೆ ನಮಗೆ ಕೊನೆಗೌಡರಿದ್ದಾರೆ. ಹಾವಸೆಗೆ ಹೆಸರುಂಟಾ ಎಂದು ಕೇಳಿದವರೇ ಮರುವರ್ಷ ಕೊನೆ ತೆಗೆದು ಇಳಿದಾಗ ಸೊಂಟದ ಬಟ್ಟೆಯಿಂದ ಒಂದು ಚೂರು ತೆಗೆದು ಕೊಟ್ಟರು. "ಕೆರೆ ಬದಿ ಮೂರನೇ ಸಾಲು, ನಾಲ್ಕನೇ ಮರ. ಗೊನೆಯಿಂದ ಎರಡು ಗೆಣ್ಣು ಕೆಳಗೆ, ಪಡುವಣಕ್ಕೆ." ಅಷ್ಟು ಕರಾರುವಾಕ್ಕಾದ ಟಿಪ್ಪಣಿ ಡಿಗ್ರಿ ಓದಿದವರಿಂದಲೂ ನನಗೆ ಸಿಕ್ಕಿಲ್ಲ.

ತೋಟದ ಮರಗಳಲ್ಲಿ ಇನ್ನೊಂದು ವಿಷಯ ಕೇಳಿ ಬರೆದುಕೊಳ್ಳಿ: ಔಷಧಿ ಹೊಡೆದು ಎಷ್ಟು ದಿನವಾಯಿತು? ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರ. ಗೊನೆಗೆ ಹೊಡೆದದ್ದು ಕಾಂಡದ ಮೇಲೆ ಇಳಿಯುತ್ತದೆ. ಇಂಥ ಸಣ್ಣ ಗಿಡಗಳಿಗೆ ತಾಮ್ರ ಜಾಸ್ತಿಯಾದರೆ ವಿಷ. ಗೊನೆಗೆ ಕೊಟ್ಟೆ ಕಟ್ಟುವ ತೋಟ, ಔಷಧಿ ಹೊಡೆಯುವ ತೋಟ ಎರಡನ್ನೂ ಅಕ್ಕಪಕ್ಕ ಇಟ್ಟು ದಾಖಲಿಸಿದರೆ ಅದೇ ಒಂದು ಒಳ್ಳೆಯ ಅಧ್ಯಯನ.

ಕೀಳುವುದು ಬೆಂಕಿಪೊಟ್ಟಣದಷ್ಟು ಸಾಕು. ಅಷ್ಟು ಇಲ್ಲದಿದ್ದರೆ ಫೋಟೊ ತೆಗೆದು ಬಿಡಿ.

7. ನೋಟ್‌ಬುಕ್

ಇಡೀ ಕೆಲಸದ ಬೆನ್ನೆಲುಬು ಇದು. ನಂಬರ್ 1ರಿಂದ ಶುರು ಮಾಡಿ, ಜೀವಮಾನವಿಡೀ ಮುಂದುವರಿಸಿ. ಹೊಸ ವರ್ಷಕ್ಕೆ, ಹೊಸ ಊರಿಗೆ ಮತ್ತೆ 1ರಿಂದ ಶುರು ಮಾಡಬೇಡಿ. ಪೊಟ್ಟಣದ ಮೇಲಿನ ನಂಬರ್, ನೋಟ್‌ಬುಕ್‌ನ ನಂಬರ್, ಫೋಟೊದಲ್ಲಿ ಕಾಣುವ ನಂಬರ್ ಮೂರೂ ಒಂದೇ. ಒಂದು ಪೊಟ್ಟಣಕ್ಕೆ ಒಂದೇ ಜಾಗದ ಮಾದರಿ. ಎರಡು ಅಡಿ ಆಚೆಯದಾದರೂ ಬೇರೆ ನಂಬರ್.

ನನ್ನ ಪುಟದ ಒಂದು ದಾಖಲೆ ಹೀಗಿದೆ:

"ನಂ. 147. ಅಕ್ಟೋಬರ್ 14, ಬೆಳಿಗ್ಗೆ 10.20. ತೀರ್ಥಹಳ್ಳಿ ತಾ., ತುಂಗೆಗೆ ಸೇರುವ ಹಳ್ಳ, ಎಡದಂಡೆ. ಫೋನಿನ ಜಿಪಿಎಸ್, ದೋಷ 12 ಮೀ. ಎತ್ತರ 610 ಮೀ. ಹೆಬ್ಬಲಸಿನ ಮರ, ಸುತ್ತಳತೆ 2.1 ಮೀ, ತೊಗಟೆ ಒರಟು. ನೆಲದಿಂದ 1.4 ಮೀ, ಪಶ್ಚಿಮ ಬದಿ. ನೆರಳು ಮುಕ್ಕಾಲು. ತಂತಿ ಚೌಕದಲ್ಲಿ ಸುಮಾರು 30% ಹರಡಿದೆ. ಕಂದುಗೆಂಪು, ತೊಗಟೆಗೆ ಅಪ್ಪಿಕೊಂಡಿದೆ. ಜೊತೆಗೆ ಒಂದು ಮಾಸ್, ಬೂದು ಕಲ್ಲುಹೂವು. ವಾಸನೆ ಇಲ್ಲ. ಬೀಜಕಕೋಶ ಇಲ್ಲ. ಮರ ಹಳ್ಳಕ್ಕೆ ವಾಲಿದೆ, ನೀರು ಕಾಂಡದ ಈ ಬದಿಯಲ್ಲೇ ಇಳಿಯುತ್ತದೆ."

ಇದರಲ್ಲಿ ಜಾತಿಯ ಹೆಸರಿಲ್ಲ ಎಂಬುದನ್ನು ಗಮನಿಸಿ. ಫ್ರುಲಾನಿಯಾ ಎಂದು ಆಗಲೇ ಅನಿಸಿತ್ತು, ಅದನ್ನು ಅಂಚಿನಲ್ಲಿ ಪ್ರಶ್ನಾರ್ಥಕದ ಜೊತೆ ಬರೆದೆ. ಆದರೆ ಕೊನೆಯ ಸಾಲು ನೋಡಿ. ವಾಲಿದ ಮರದ ಸಂಗತಿ ಯಾವ ಫಾರಂನಲ್ಲೂ ಕೇಳುವುದಿಲ್ಲ. ಅದೇ ಮರದ ಪೂರ್ವ ಬದಿ ಬೋಳಾಗಿತ್ತು, ಕಾರಣ ಈ ಸಾಲಿನಲ್ಲಿದೆ. ಕಂಡದ್ದನ್ನು ಬರೆಯಿರಿ, ಮಾತು ಸಾಮಾನ್ಯವಾಗಿದ್ದರೂ ಪರವಾಗಿಲ್ಲ.

ದಟ್ಟ ಕಾಡಿನಲ್ಲಿ ಫೋನಿನ ಜಿಪಿಎಸ್ 10, 20 ಮೀಟರ್ ಆಚೀಚೆ ಹೋಗುತ್ತದೆ. ಅದಕ್ಕೆ ದೋಷದ ಅಂಕಿಯನ್ನೂ ಬರೆಯಬೇಕು. ವಾಸನೆ ಯಾಕೆ ಅಂತೀರಾ? ಲಿವರ್‌ವರ್ಟ್‌ಗಳ ಜೀವಕೋಶದಲ್ಲಿ ಎಣ್ಣೆಯ ಪುಟ್ಟ ಚೀಲಗಳಿರುತ್ತವೆ. ಚೂರು ಉಜ್ಜಿದರೆ ಕೆಲವದಕ್ಕೆ ಖಾರದ, ಕೆಲವದಕ್ಕೆ ಕಟು ಘಾಟಿನ ವಾಸನೆ. ಗುರುತಿಸಲು ಅದೂ ಸಹಾಯ.

8. ಫೋಟೊ

ಮೂರು ಫೋಟೊ ಸಾಕು. ಒಂದು ದೂರದಿಂದ, ಮರ ಅಥವಾ ಧರೆ ಪೂರ್ತಿ ಕಾಣುವಂತೆ. ಒಂದು ಅಂಗೈ ದೂರದಿಂದ, ಅಳತೆಪಟ್ಟಿ ಮತ್ತು ನಂಬರ್ ಚೀಟಿಯ ಜೊತೆ. ಒಂದು ಫೋನಿನ ಕ್ಯಾಮೆರಾಕ್ಕೆ ಹ್ಯಾಂಡ್ ಲೆನ್ಸ್ ಒತ್ತಿ ಹಿಡಿದು. ಗಿಡ ಒಣಗಿದ್ದರೆ ಒಮ್ಮೆ ಒಣಗಿದಾಗ, ಒಮ್ಮೆ ನೀರು ಸಿಂಪಡಿಸಿದ ಮೇಲೆ. ಫ್ಲ್ಯಾಶ್ ಬೇಡ, ಒದ್ದೆ ಎಲೆಯೆಲ್ಲ ಬಿಳಿಚಿಕೊಳ್ಳುತ್ತದೆ.

9. ಪೊಟ್ಟಣ ಮತ್ತು ಒಣಗಿಸುವುದು

ಮನೆಗೆ ಬಂದ ಸಂಜೆಯೇ ಕೂತು ಮಣ್ಣು ಬಿಡಿಸಿ. ಒಂದು ಚೂರನ್ನು ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ತಂಪಾಗಿ ಎತ್ತಿಡಿ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ. ಉಳಿದದ್ದನ್ನು ಪತ್ರಿಕೆಯ ಪೊಟ್ಟಣದಲ್ಲೇ ಬಾಯಿ ತೆರೆದು ನೆರಳಲ್ಲಿ ಹರಡಿ. ದೊಡ್ಡ ಗಿಡಗಳ ಹಾಗೆ ಭಾರ ಹೇರಿ ಒತ್ತಬಾರದು, ಆಕಾರ ಕೆಡುತ್ತದೆ. ಎಲೆಯ ಮೇಲೆ ಬೆಳೆದವನ್ನು ಮಾತ್ರ ಎಲೆ ಸುರುಳಿಯಾಗದಂತೆ ಹಗುರವಾಗಿ ಒತ್ತಿ.

ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಹಾವಸೆ ಒಣಗಿಸುವುದು ಸಣ್ಣ ಕೆಲಸವಲ್ಲ. ಬಚ್ಚಲ ಒಲೆಯ ಮೇಲೆ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಡಬೇಕು ಅನಿಸುವುದು ಸಹಜ. ಬೇಡ. ಹೊಗೆ ಹಿಡಿಯುತ್ತದೆ, ಹದ ತಪ್ಪಿದರೆ ಹುರಿದ ಸೊಪ್ಪಾಗುತ್ತದೆ. ಟೇಬಲ್ ಫ್ಯಾನ್ ಸಾಕು. ಕರೆಂಟು ಇಲ್ಲದಾಗ ಒಣ ಪತ್ರಿಕೆಯನ್ನು ದಿನಕ್ಕೆರಡು ಸಲ ಬದಲಿಸಿ.

ಒಣಗಿದ ಮೇಲೆ ಎ4 ಹಾಳೆಯ ಪೊಟ್ಟಣ. ಹಾಳೆಯನ್ನು ಉದ್ದಕ್ಕೆ ಇಟ್ಟು, ಕೆಳ ಅಂಚನ್ನು ಮೇಲಿನ ಕಾಲು ಭಾಗ ಉಳಿಯುವಂತೆ ಮಡಚಿ. ಎರಡು ಬದಿಯನ್ನೂ ಎರಡೆರಡು ಸೆಂಟಿಮೀಟರ್ ಹಿಂದಕ್ಕೆ ಮಡಚಿ. ಮೇಲೆ ಉಳಿದದ್ದನ್ನು ಮುಚ್ಚಳದ ಹಾಗೆ ಇಳಿಸಿ. ಅಂಟು, ಪಿನ್ನು ಯಾವುದೂ ಬೇಡ. ನೋಟ್‌ಬುಕ್‌ನ ವಿವರವನ್ನು ಮುಚ್ಚಳದ ಮೇಲೆ ಪೂರ್ತಿ ಬರೆಯಿರಿ, "ನೋಟ್‌ಬುಕ್ ನೋಡಿ" ಎಂದಲ್ಲ. ನಿಮ್ಮ ನೋಟ್‌ಬುಕ್ ಗೆದ್ದಲು ತಿಂದರೂ ಪೊಟ್ಟಣ ಮಾತಾಡಬೇಕು.

10. ಸೂಕ್ಷ್ಮದರ್ಶಕದ ಕೆಳಗೆ

ಈಗ ಆ ತಂಪು ಡಬ್ಬಿ. ಎಣ್ಣೆಯ ಚೀಲಗಳು ಗಿಡ ಒಣಗಿದರೆ ಮಾಯವಾಗುತ್ತವೆ, ಮತ್ತೆ ನೀರು ಹಾಕಿದರೆ ಬರುವುದಿಲ್ಲ. ಜಾತಿ ಗುರುತಿಸಲು ಅವುಗಳ ಆಕಾರ, ಬಣ್ಣ, ಒಂದು ಕೋಶದಲ್ಲಿ ಎಷ್ಟಿವೆ ಎಂಬುದು ಬಹಳ ಮುಖ್ಯ. ಹಾಗಾಗಿ ಎರಡು ಮೂರು ದಿನದೊಳಗೆ ಒಂದು ಎಲೆಯನ್ನು ಸ್ಲೈಡ್ ಮೇಲೆ ಒಂದು ಹನಿ ನೀರಿನಲ್ಲಿಟ್ಟು 400 ಪಟ್ಟಿನಲ್ಲಿ ನೋಡಿ, ಚಿತ್ರ ಬರೆಯಿರಿ. ಹತ್ತಿರದ ಶಾಲೆ, ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿದರೆ ಸೂಕ್ಷ್ಮದರ್ಶಕ ಸಿಗುತ್ತದೆ. ಹಾರ್ನ್‌ವರ್ಟ್ ಆದರೆ ಇಲ್ಲೇ ಸಿಕ್ಕಿಬೀಳುತ್ತದೆ. ಅದರ ಕೋಶದಲ್ಲಿ ಎಣ್ಣೆಚೀಲ ಇಲ್ಲ, ಹೆಚ್ಚಿನವದರಲ್ಲಿ ಒಂದೇ ಒಂದು ದೊಡ್ಡ ಹಸಿರು ಕಣ.

ಎಲೆ ಇರುವ ರೂಪದಲ್ಲಿ ಮೊದಲು ನೋಡಬೇಕಾದ್ದು ಎಲೆ ಹೊದಿಕೆ. ಪುಸ್ತಕಗಳಲ್ಲಿ ಸಕ್ಯೂಬಸ್, ಇನ್‌ಕ್ಯೂಬಸ್ ಎಂದು ಬರೆದು ತಲೆ ಕೆಡಿಸುತ್ತಾರೆ. ನಮಗೆ ಹೆಂಚಿನ ಮಾಡು ಗೊತ್ತಲ್ಲ, ಅಷ್ಟು ಸಾಕು. ಗಿಡವನ್ನು ಮೇಲಿನಿಂದ ನೋಡಿ. ಬೆಳೆಯುವ ತುದಿಯೇ ಮಾಡಿನ ನೆತ್ತಿ ಎಂದುಕೊಳ್ಳಿ. ಮೇಲಿನ ಎಲೆಯ ಕೆಳ ಅಂಚು ಕೆಳಗಿನ ಎಲೆಯ ಮೇಲೆ ಕೂತಿದ್ದರೆ, ಅಂದರೆ ಸರಿಯಾಗಿ ಹೆಂಚು ಹೊದಿಸಿದ ಹಾಗಿದ್ದರೆ, ಅದು ಸಕ್ಯೂಬಸ್. ಪ್ಲಾಜಿಯೋಕೈಲಾ, ಹೆಟೆರೋಸೈಫಸ್ ಹೀಗೆ. ಕೆಳಗಿನ ಎಲೆಯ ಮೇಲಂಚು ಮೇಲಿನದರ ಮೇಲೆ ಹತ್ತಿದ್ದರೆ, ಅಂದರೆ ಮನೆಯೆಲ್ಲ ಸೋರುವ ಹಾಗೆ ಹೊದಿಸಿದ್ದರೆ, ಇನ್‌ಕ್ಯೂಬಸ್. ಫ್ರುಲಾನಿಯಾ, ಲೆಜುನಿಯಾ, ಪೊರೆಲ್ಲಾ, ರಾಡ್ಯುಲಾ ಹೀಗೆ.

ಸೋರುವ ಮಾಡಿನವು ಎಂದಾದರೆ ತಿರುಗಿಸಿ ಹೊಟ್ಟೆಯ ಕಡೆ ನೋಡಿ. ಎಲೆಯ ಕೆಳಹೋಳು ಟೊಪ್ಪಿಗೆಯಂತೆ ಉಬ್ಬಿ ಬೇರೆಯಾಗಿ ನಿಂತಿದ್ದರೆ ಫ್ರುಲಾನಿಯಾ. ಅಂಗಿಯ ಜೇಬಿನಂತೆ ಎಲೆಗೇ ಅಂಟಿದ್ದರೆ ಲೆಜುನಿಯಾ ಬಳಗ. ನಾಲಿಗೆಯಂತೆ ಚಾಚಿ, ಪಕ್ಕದಲ್ಲಿ ಅಡಿಎಲೆಯೂ ಇದ್ದರೆ ಪೊರೆಲ್ಲಾ. ಅಡಿಎಲೆಯೇ ಇಲ್ಲ, ಬೇರಿನೆಳೆಗಳು ಆ ಕೆಳಹೋಳಿನಿಂದಲೇ ಹೊರಟಿವೆ ಎಂದಾದರೆ ರಾಡ್ಯುಲಾ. ಕುಲದವರೆಗೆ ಇಷ್ಟರಲ್ಲೇ ಹೋಗಬಹುದು. ಜಾತಿಗೆ ಇಳಿಯಲು ಅವಸರ ಬೇಡ. "ಲೆಜುನಿಯಾ, ಬಗೆ 3" ಎಂದು ಬರೆದು ಚಿತ್ರ ಅಂಟಿಸಿದರೆ ಅದು ಪ್ರಾಮಾಣಿಕ ದಾಖಲೆ. ಯಾರದೋ ಪಟ್ಟಿಯಲ್ಲಿದ್ದ ಹೆಸರನ್ನು ಅಂದಾಜಿನ ಮೇಲೆ ಹಚ್ಚಿದರೆ ಮುಂದೆ ಹತ್ತು ಪಟ್ಟಿಗಳಲ್ಲಿ ಆ ತಪ್ಪೇ ನಡೆಯುತ್ತದೆ.

11. ಎಷ್ಟು ಸಿಕ್ಕಿತು, ಎಷ್ಟು ಉಳಿಯಿತು

ಒಂದೊಂದು ಚೌಕ ಮುಗಿದಂತೆ ಒಟ್ಟು ಎಷ್ಟು ಬಗೆ ಆಯಿತು ಎಂದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. ಗೆರೆ ಮೊದಲು ಕಡಿದಾಗಿ ಏರುತ್ತದೆ, ಆಮೇಲೆ ಬಾಗುತ್ತದೆ. ಎರಡು ಮೂರು ಚೌಕದಲ್ಲಿ ಹೊಸದೇನೂ ಬಾರದಿದ್ದರೆ ಆ ಜಾಗ ಸದ್ಯಕ್ಕೆ ಸಾಕು.

ಸಿಗದೆ ಉಳಿದದ್ದನ್ನು ಅಂದಾಜಿಸಲು ಚಾವೋ ಎಂಬ ಲೆಕ್ಕವಿದೆ. ಒಂದೇ ಒಂದು ಚೌಕದಲ್ಲಿ ಮಾತ್ರ ಸಿಕ್ಕ ಬಗೆಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಸರಿಯಾಗಿ ಎರಡು ಚೌಕದಲ್ಲಿ ಸಿಕ್ಕವುಗಳ ಎರಡರಷ್ಟರಿಂದ ಭಾಗಿಸಿ. ಬಂದದ್ದನ್ನು ಒಟ್ಟು ಸಿಕ್ಕ ಬಗೆಗಳ ಸಂಖ್ಯೆಗೆ ಕೂಡಿಸಿ. ಉದಾಹರಣೆಗೆ ನಿಮಗೆ ಒಟ್ಟು 31 ಬಗೆ ಸಿಕ್ಕಿದೆ, ಅದರಲ್ಲಿ 8 ಒಂದೊಂದೇ ಚೌಕದಲ್ಲಿ, 4 ಎರಡೆರಡರಲ್ಲಿ ಅಂತಿಟ್ಟುಕೊಳ್ಳಿ. 64ನ್ನು 8ರಿಂದ ಭಾಗಿಸಿದರೆ 8. ಕಡಿಮೆಯೆಂದರೂ 39 ಬಗೆ ಇರಬಹುದು, ಇನ್ನೂ 8 ನಿಮ್ಮ ಕಣ್ಣು ತಪ್ಪಿಸಿವೆ. ಇದನ್ನು ಕಂಡ ಕೂಡಲೇ ದಿಮ್ಮಿಗಳ ಅಡಿಯನ್ನು ಮತ್ತೆ ನೋಡಬೇಕು ಅನಿಸುತ್ತದೆ, ಅಲ್ವಾ?

12. ಯಾರಿಗೆ ಕೊಡುವುದು

ಗ್ರಾಮ ಪಂಚಾಯಿತಿ ಮಟ್ಟದಲ್ಲಿ 2002ರ ಕಾಯ್ದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ. ಅದರಲ್ಲಿ ಮಾವು, ಹಲಸು, ಜೇನು, ಮೀನಿನ ಜೊತೆ ನಿಮ್ಮ ಧರೆಯ ಪಟ್ಟಿಗೂ ಒಂದು ಪುಟ ಕೇಳಿ. ಫೋಟೊಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕಬಹುದು. ಆದರೆ ಹಲವು ಜಾತಿಗಳನ್ನು ಫೋಟೊ ನೋಡಿ ಹೇಳಲು ಬರುವುದಿಲ್ಲ, ಪೊಟ್ಟಣವೇ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಮೊದಲು ವಿಚಾರಿಸಿ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಹರ್ಬೇರಿಯಂಗಳಿವೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಗಳು. ಲಖನೌ ಈ ವಿದ್ಯೆಯ ಹಳೇ ನೆಲೆ, ಅಲ್ಲಿನ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಇದನ್ನೇ ಕೆಲಸ ಮಾಡಿಕೊಂಡವರಿದ್ದಾರೆ. ನಮ್ಮ ದೇಶದಲ್ಲಿ ಈ ಶಾಸ್ತ್ರದ ಪಿತಾಮಹ ಎನ್ನಿಸಿಕೊಂಡ ಶಿವರಾಮ ಕಶ್ಯಪರು (1882–1934) ಲಾಹೋರಿನಲ್ಲಿ ಪಾಠ ಹೇಳುತ್ತಾ, ರಜೆ ಬಂದಾಗ ಹಿಮಾಲಯ ಹತ್ತಿ ಇಳಿದು ಲಿವರ್‌ವರ್ಟ್ ಕೂಡಿಸಿದವರು.

ಕಳಿಸುವ ಮೊದಲು ಪತ್ರ ಬರೆದು ಒಪ್ಪಿಗೆ ಕೇಳಿ. ಪೊಟ್ಟಣದಲ್ಲಿದ್ದುದರ ಅರ್ಧ ನಿಮ್ಮಲ್ಲೇ ಇರಲಿ, ಅದೇ ನಂಬರ್ ಹಾಕಿ. ಅವರು ಹೇಳಿದ ಹೆಸರು, ಹೇಳಿದವರು ಯಾರು, ಯಾವ ದಿನ ಎಂದು ಬೇರೆ ಚೀಟಿಯಲ್ಲಿ ಬರೆದು ಒಳಗೆ ಸೇರಿಸಿ. ನಿಮ್ಮ ಹಳೇ ಚೀಟಿಯನ್ನು ತಪ್ಪಿದ್ದರೂ ತೆಗೆಯಬೇಡಿ. ಅಂಚೆಗೆ ಹಾಕುವಾಗ ರಟ್ಟಿನ ಪೆಟ್ಟಿಗೆ, ಸುತ್ತ ಒಣ ಪತ್ರಿಕೆ. ಮಳೆಗಾಲದಲ್ಲಿ ಕಳಿಸಲೇಬೇಕಿಲ್ಲ, ಜನವರಿಯವರೆಗೆ ಕಾಯಿರಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ.